ಮೇಲೆ ಕುಳಿತವನು ಋಷಿಯಲ್ಲ

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಬೇವಿನ ಮರದಡಿಯೋ ಅರಿಶಿನ ಕುಂಕುಮ ಮೆತ್ತಿದ ಕಲ್ಲುಗಳಿರುತ್ತವೆ. ಮೇಲಿನ ಅಂಕಣದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವನನ್ನು ತೋರಿಸಿ, 'ಯಾವುದೋ ಋಷಿ ತಪಸ್ಸಿಗೆ ಕೂತಿದ್ದಾನೆ' ಎನ್ನುವವರೇ ಹೆಚ್ಚು.

ಅವನು ಋಷಿಯಲ್ಲ. ಅದು ವೀರಗಲ್ಲು, ಹೋರಾಡಿ ಸತ್ತವನ ನೆನಪಿನ ಕಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕತ್ತಿ ಹಿಡಿದು, ಕೆಲವೆಡೆ ತುರು ಬಿಡಿಸಲು ಹೋರಾಡಿ ಬಿದ್ದವನು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತವನೂ ಅವನೇ. ಒಬ್ಬನೇ ಮನುಷ್ಯನ ಕಥೆ. ಸತ್ತವನು ಜೈನನಾದರೆ ಲಿಂಗದ ಜಾಗದಲ್ಲಿ ಜಿನನಿರುತ್ತಾನೆ. ಸಲ್ಲೇಖನದಿಂದ, ಅಂದರೆ ಉಪವಾಸ ವ್ರತದಿಂದ ದೇಹ ಬಿಟ್ಟವರ ನಿಷಿಧಿ ಕಲ್ಲಿನಲ್ಲಿ ಮಾತ್ರ ಕುಳಿತವರು ನಿಜಕ್ಕೂ ವ್ರತದಲ್ಲಿರುವವರು. ಅಲ್ಲಿ ಕಾಳಗ ಕಾಣುವುದಿಲ್ಲ.

ವೀರಗಲ್ಲು ರಾಜರಿಗಷ್ಟೇ ಎಂಬ ಮಾತೂ ತಪ್ಪು. ದೇವನಹಳ್ಳಿ ರಸ್ತೆಯ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಲ್ಲು ಕಿತ್ತಯ್ಯನದು. ದಾಳಿಗೆ ಎದುರು ನಿಂತು ಸತ್ತು ಇಂದ್ರಲೋಕಕ್ಕೆ ಏರಿದ ಅವನು ದೊರೆಯಲ್ಲ.

ಮಾಸ್ತಿಕಲ್ಲಿನ ಎತ್ತಿದ ಕೈ ಆಶೀರ್ವಾದದ್ದೆಂದು ಕೆಲವರು ತಿಳಿಯುತ್ತಾರೆ. ಹತ್ತಿರ ಹೋಗಿ ನೋಡಿ: ಕಂಬದಿಂದ ಹೊರಟ, ಮೊಣಕೈ ಮಡಿಸಿದ ತೋಳು, ತುಂಬಾ ಬಳೆ. ಗಂಡನ ಚಿತೆ ಏರಿದ ಹೆಂಗಸಿನ ಕೈ ಅದು. ಒಡೆಯದ ಬಳೆ ಮುತ್ತೈದೆತನದ ಗುರುತು. ಅವಳು ಇಷ್ಟಪಟ್ಟು ಹೋದಳೋ, ತಳ್ಳಿದರೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ತ್ಯಾಗವೆಂದು ಹೊಗಳಲು ನನಗೆ ಮನಸ್ಸು ಬಾರದು.

ಎಲ್ಲಕ್ಕಿಂತ ಹೆಚ್ಚು ಕೇಡು ಮಾಡಿರುವುದು ಕಲ್ಲಿನಡಿ ನಿಧಿಯಿದೆ ಎಂಬ ನಂಬಿಕೆ. ಮೇಲೆ ಕೆತ್ತಿದ ಸೂರ್ಯಚಂದ್ರರು ಹೊನ್ನಿನ ಗುಟ್ಟಲ್ಲ. ಅವರಿರುವಷ್ಟು ಕಾಲ ಈ ಹೆಸರು ಇರಲಿ ಎಂಬ ಹಾರೈಕೆ. ಕಲ್ಲು ಬೀಳದಿರಲೆಂದು ಮಣ್ಣಿನಲ್ಲಿ ಹೂತ ಅದರ ಬುಡವೇ ಅಡಿಯಲ್ಲಿರುವುದು. ಅಗೆದವರಿಗೆ ಹೊನ್ನು ಸಿಗುವುದಿಲ್ಲ, ಊರಿಗೆ ಕಲ್ಲು ಉಳಿಯುವುದಿಲ್ಲ.

ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಶಾಸನಗಳು ತಾಲೂಕುವಾರು ಇವೆ. ನಿಮ್ಮೂರಿನ ಕಲ್ಲು ಅದರಲ್ಲಿದೆಯೇ ನೋಡಿ. ಪೂಜೆ ಮಾಡುವವರು ಮಾಡಲಿ, ಆದರೆ ಎಣ್ಣೆಬಣ್ಣ ಮಾತ್ರ ಬಳಿಯಬೇಡಿ. ಅಕ್ಷರದ ಗೀರಿನಲ್ಲಿ ಬಣ್ಣ ತುಂಬಿಕೊಂಡರೆ ಸತ್ತವನ ಹೆಸರನ್ನು ಓದುವುದು ಬಲು ಕಷ್ಟ.