ಆಪರೇಶನ್ ಆದವರ ಆರೈಕೆ: ಗದಗ ಸೀಮೆಯ ರೋಗಿಗಳನ್ನು ನೆನೆದು

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ಆಪರೇಶನ್ ಆಗಬೇಕೆಂದರೆ ಮನೆಯವರು ಗದಗ-ಬೆಟಗೇರಿಗೆ ಹೊರಡುತ್ತಾರೆ. ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿಗೆ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಸೇವೆಯ ನೆರಳಿನಲ್ಲಿ ಬೆಳೆದ ಕರಾವಳಿಯ ನಮಗೆ ಆಸ್ಪತ್ರೆಗಾಗಿ ಅಷ್ಟು ದೂರದ ಬಸ್ ಹತ್ತುವ ಕಷ್ಟ ಸುಲಭವಾಗಿ ಅರ್ಥವಾಗುವುದಿಲ್ಲ. 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಶನ್ ಮುಂದೆ ಅಲ್ಲಿ ಆಸ್ಪತ್ರೆಯನ್ನೂ ನಡೆಸಿತು. 2015ರಲ್ಲಿ ಗದಗಕ್ಕೆ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಆದರೂ ಶಸ್ತ್ರಚಿಕಿತ್ಸೆಯ ಯಶಸ್ಸು ಸರ್ಜನ್ ಒಬ್ಬರ ಕೈಯಲ್ಲಿಲ್ಲ. ಅರ್ಧ ಕೆಲಸ ದಾದಿಯರದು, ಉಳಿದದ್ದರಲ್ಲಿ ಬಹುಪಾಲು ಮನೆಯವರದು.

ಮೊದಲನೆಯದು ಉಪವಾಸ. ಆಪರೇಶನ್ನಿಗೆ ಮುಂಚೆ ಸಾಮಾನ್ಯವಾಗಿ ಆರು ಗಂಟೆ ಊಟವಿಲ್ಲ, ಎರಡು ಗಂಟೆ ನೀರೂ ಇಲ್ಲ. ಹಾಲು ಹಾಕಿದ ಚಹಾ ಊಟದ ಲೆಕ್ಕಕ್ಕೇ ಸೇರುತ್ತದೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. 'ಪಾಪ, ಹಸಿದಿದ್ದಾನೆ' ಎಂದು ಅಜ್ಜಿ ಗುಟ್ಟಾಗಿ ಕುಡಿಸಿದ ಅರ್ಧ ಕಪ್ ಚಹಾದಿಂದ ಆಪರೇಶನ್ ಮುಂದಕ್ಕೆ ಹೋಗಬಹುದು. ಹಾಗೊಂದು ವೇಳೆ ಕುಡಿಸಿದ್ದರೆ ಮುಚ್ಚಿಡದೆ ಹೇಳಿಬಿಡಿ, ಯಾರೂ ಗಲ್ಲಿಗೇರಿಸುವುದಿಲ್ಲ. ರೋಗಿಗಳಿಗೆ ಪರಮಪ್ರಸಾದ ಒಯ್ಯುವವರೂ ವಾರ್ಡಿನ ಸಿಸ್ಟರನ್ನು ಕೇಳಿಯೇ ಕೊಡಬೇಕು. ಸಕ್ಕರೆ ಕಾಯಿಲೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ಗುಟಖಾ, ಬೀಡಿ ಎಲ್ಲವನ್ನೂ ವೈದ್ಯರಿಗೆ ತಿಳಿಸಬೇಕು. ತಂಬಾಕು ಗಾಯ ಮಾಯುವುದನ್ನು ತಡಮಾಡುತ್ತದೆ.

ಥಿಯೇಟರಿನಿಂದ ಹೊರಬಂದ ಮೇಲಿನ ಗಂಟೆಗಳಲ್ಲಿ ದಾದಿ ಮತ್ತೆ ಮತ್ತೆ ಬಂದು ನಾಡಿ, ಉಸಿರು, ರಕ್ತದೊತ್ತಡ, ಮೂತ್ರ, ಬ್ಯಾಂಡೇಜಿನಲ್ಲಿ ರಕ್ತ ನೋಡುತ್ತಾರೆ. ನಾಡಿ ಏರುತ್ತಾ ರಕ್ತದೊತ್ತಡ ಇಳಿಯುತ್ತಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. 'ನಿದ್ದೆ ಕೆಡಿಸುತ್ತಾರೆ' ಎಂದು ಗೊಣಗುವವರಿಗೆ ಇದು ತಿಳಿದಿರಲಿ. ವೈದ್ಯರು ಒಪ್ಪಿದರೆ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ಕಡಿಮೆ. ಊರಿನವರೆಲ್ಲ ಟೆಂಪೋ ಮಾಡಿಕೊಂಡು ನೋಡಲು ಬರುವ ಪ್ರೀತಿ ದೊಡ್ಡದೇ, ಆದರೆ ಹಾಸಿಗೆಯ ಮೇಲೆ ಕುಳಿತು, ಬ್ಯಾಂಡೇಜ್ ಮುಟ್ಟಿ ನೋಡುವ ಕೈಗಳಿಂದ ನಂಜು ಬರುತ್ತದೆ. ಸಾಬೂನಿನಿಂದ ಕೈ ತೊಳೆದವರು ಒಬ್ಬಿಬ್ಬರು ಸಾಕು.

ಇನ್ನು ಊಟ. ಬೇಳೆ ತಿಂದರೆ ಕೀವಾಗುತ್ತದೆ ಎಂಬ ಮಾತು ಅಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಕೀವು ರೋಗಾಣುಗಳಿಂದ ಆಗುತ್ತದೆಯೇ ಹೊರತು ಬೇಳೆಯಿಂದಲ್ಲ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. ವೈದ್ಯರು ಊಟಕ್ಕೆ ಅನುಮತಿ ಕೊಟ್ಟ ಮೇಲೆ ರೊಟ್ಟಿಯೊಂದಿಗೆ ಹೆಸರುಕಾಳು ಪಲ್ಯ, ತೊಗರಿಬೇಳೆ ಸಾರು, ಮೊಸರು, ಮೊಟ್ಟೆ ಕೊಡಬಹುದು. ಬರಿಯ ಗಂಜಿಯಲ್ಲಿ ಹದಿನೈದು ದಿನ ಇಟ್ಟರೆ ಗಾಯ ಮಾಯುವುದು ನಿಧಾನವಾಗುತ್ತದೆ. ಹೊಲಿಗೆಯ ಮೇಲೆ ಅರಿಸಿನ, ಬೂದಿ, ಎಣ್ಣೆ ಯಾವುದೂ ಬೇಡ.

ಮನೆಗೆ ಬಂದ ಮೇಲೆ ಗಾಯ ಕೆಂಪಾಗಿ ಬಿಸಿಯಾದರೆ, ಊದಿಕೊಂಡರೆ, ವಾಸನೆ ಅಥವಾ ಕೀವು ಬಂದರೆ, ಜ್ವರ ಬಂದರೆ ಸಂತೆಯ ದಿನದವರೆಗೆ ಕಾಯಬಾರದು. ಉಸಿರು ಕಟ್ಟಿದರೆ, ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹೊಟ್ಟೆಯ ಹೊಲಿಗೆಯನ್ನು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಬಿಚ್ಚುತ್ತಾರೆ. ಅದಕ್ಕಾಗಿ ಗದಗಕ್ಕೇ ಹೋಗಬೇಕೋ, ತಾಲೂಕು ಆಸ್ಪತ್ರೆಯಲ್ಲಿ ಆಗುತ್ತದೋ ಎಂದು ಬಿಡುಗಡೆಯ ದಿನವೇ ಸರ್ಜನರನ್ನು ಕೇಳಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.