ಬಂಡಾಯ: ಪದದ ಅರ್ಥವ್ಯಾಪ್ತಿ

ಆಳುವವರ ವಿರುದ್ಧ ಏಳುವ ದಂಗೆ ಎಂಬುದು ‘ಬಂಡಾಯ’ ಪದದ ರೂಢಿಯ ಅರ್ಥ. 1858ರ ನರಗುಂದ ಬಂಡಾಯದಲ್ಲಿ ಎದುರಾಳಿ ಬ್ರಿಟಿಷ್ ಆಡಳಿತ. ಅದೇ ನೆಲದ 1980ರ ರೈತ ಬಂಡಾಯದಲ್ಲಿ ರಾಜ್ಯ ಸರ್ಕಾರ. ಇದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಾಗ ಪದದ ಗುರಿ ವಿಸ್ತಾರಗೊಂಡಿತು. ಜಾತಿ, ಲಿಂಗ, ಧರ್ಮಗಳ ಹೆಸರಿನಲ್ಲಿ ಸಂಪ್ರದಾಯವೆಂದು ನಡೆದುಬಂದ ಕಟ್ಟಳೆಗಳನ್ನೂ ಸಾಹಿತ್ಯದ ಶಿಷ್ಟ ಮಾನದಂಡಗಳನ್ನೂ ಧಿಕ್ಕರಿಸುವುದು ಅದರ ಅರ್ಥದೊಳಗೆ ಸೇರಿತು. ಇಲ್ಲಿ ಕಟ್ಟಳೆ ಮೀರುವವರು ಒಂಟಿಯಲ್ಲ. ‘ಹಟ’, ‘ಉದ್ಧಟತನ’ಗಳಿಂದ ಈ ಪದವನ್ನು ಬೇರ್ಪಡಿಸುವುದು ಈ ಸಾಮೂಹಿಕತೆಯೇ. ಚುನಾವಣಾ ವರದಿಗಳ ‘ಬಂಡಾಯ ಅಭ್ಯರ್ಥಿ’ಯಾದರೋ ಪಕ್ಷದ ಟಿಕೆಟ್ ದೊರೆಯದೆ ಕಣಕ್ಕಿಳಿದವರು, ಅವರು ಮೀರಿದ್ದು ಪಕ್ಷದ ಆದೇಶವನ್ನಷ್ಟೇ. ನಿಘಂಟುಗಳಲ್ಲಿ ಈ ಪ್ರಯೋಗವನ್ನು ಪ್ರತ್ಯೇಕ ಅರ್ಥವಾಗಿ ದಾಖಲಿಸುವುದು ಸೂಕ್ತ.