ಭಾಷಣದ ವೇದಿಕೆ: ತಪ್ಪು ಕಲ್ಪನೆ ಮತ್ತು ವಾಸ್ತವ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪ್ರವಚನ, ಜಯಂತಿ, ಉಪನ್ಯಾಸಗಳಿಗೆ ಬರವಿಲ್ಲ. ವೇದಿಕೆಯ ಉಸ್ತುವಾರಿಗೆ ಹೆಗಲು ಕೊಟ್ಟ ನಾವೂ ಕೆಲವು ಮಾತುಗಳನ್ನು ವರ್ಷಗಟ್ಟಲೆ ನಂಬಿದ್ದೆವು.

ನಮ್ಮ ಜನ ಹೊತ್ತಿಗೆ ಸರಿಯಾಗಿ ಬರುವವರಲ್ಲ, ಪತ್ರಿಕೆಯಲ್ಲಿ ಸಂಜೆ ಆರು ಎಂದಿದ್ದರೆ ಎಂಟಕ್ಕೆ ಸೇರುತ್ತಾರೆ ಎಂಬುದು ಮೊದಲನೆಯದು.

ವಾಸ್ತವ: ತಡವಾಗಿ ಬರುವುದನ್ನು ಜನಕ್ಕೆ ಕಲಿಸಿದವರು ನಾವೇ. ಇದೇ ಜಿಲ್ಲೆಯ ಬಿಜ್ಜರಗಿಯಲ್ಲಿ ಹುಟ್ಟಿದ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನ ಕೇಳಿದವರು ಇಲ್ಲಿ ಊರೂರಿನಲ್ಲೂ ಇದ್ದಾರೆ. ಸಾವಿರಾರು ಜನ ನಸುಕಿನಲ್ಲೇ ಬಂದು ಸದ್ದಿಲ್ಲದೆ ಕೂರುತ್ತಿದ್ದರು. ಪ್ರವಚನ ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಕ್ತಾಯ. ಸ್ವಾಮೀಜಿ 2023ರ ಜನವರಿ 2ರಂದು ಲಿಂಗೈಕ್ಯರಾದರು. ಆ ಶಿಸ್ತು ಕಂಡ ಜನ ಇನ್ನೂ ಇಲ್ಲೇ ಇದ್ದಾರೆ. ಅದೇ ಜನ ನಮ್ಮ ಪೆಂಡಾಲಿಗೆ ಮಾತ್ರ ತಡವಾಗಿ ಬಂದರೆ ಕಾರಣ ಯಾರಲ್ಲಿದೆ? ಆರರ ಕಾರ್ಯಕ್ರಮ ಎಂಟಕ್ಕೆ ಶುರುವಾಗಿ, ಹಾರ, ಶಾಲು, ಸತ್ಕಾರ ಮುಗಿಯುವಷ್ಟರಲ್ಲಿ ಒಂಬತ್ತೂವರೆ. ಮುಖ್ಯ ಭಾಷಣಕಾರರು ಎದ್ದು ನಿಲ್ಲುತ್ತಾರೆ, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಮನೆಗೆ ಹೊರಡುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹೀಗೆ, ದೂರದಿಂದ ಕರೆಸಿದವರಿಗೆ ಅರ್ಧ ಗಂಟೆಯೂ ಸಿಗುವುದಿಲ್ಲ.

ದನಿ ಹಿಂದಿನವರಿಗೆ ಕೇಳದಿದ್ದರೆ ವಾಲ್ಯೂಮ್ ಏರಿಸಿದರಾಯಿತು ಎಂಬ ನಂಬಿಕೆಯೂ ಇದೆ.

ವಾಸ್ತವ: ಏರಿಸಿದಷ್ಟೂ ಸ್ಪೀಕರಿನ ದನಿ ತಿರುಗಿ ಮೈಕಿಗೇ ಹೊಕ್ಕು ಕುಂಯ್ ಎನ್ನುತ್ತದೆ; ಮುಂದೆ ಕೂತ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಸ್ಪೀಕರುಗಳನ್ನು ಮೈಕಿಗಿಂತ ಮುಂದಕ್ಕೆ ಇಡಬೇಕು, ಪೆಂಡಾಲಿನ ನಡುವೆ ಇನ್ನೊಂದು ಜೋಡಿ ಹಾಕಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎರಡನೇ ಜೋಡಿ ವೇದಿಕೆಯಿಂದ 68 ಮೀಟರ್ ದೂರವಿದ್ದರೆ, ಅಲ್ಲಿ ಕೂತವರಿಗೆ ಒಂದೇ ಪದ ಸೆಕೆಂಡಿನ ಐದನೇ ಒಂದು ಭಾಗದ ಅಂತರದಲ್ಲಿ ಎರಡು ಸಲ ಕೇಳಿ, ಮಾತು ಕಲಸಿಹೋಗುತ್ತದೆ. ಅಷ್ಟೇ ಹೊತ್ತು ಆ ಸ್ಪೀಕರಿನ ದನಿಯನ್ನು ತಡವಾಗಿಸಲು ಮೈಕಿನವರಿಗೆ ಮೊದಲೇ ಹೇಳಬೇಕು.

ಕಾರ್ಯಕ್ರಮದ ನಡುವೆ ಮೈಕು ಕೈಕೊಟ್ಟರೆ ಯಾರದೋ ದೃಷ್ಟಿ ತಾಗಿದೆ ಎನ್ನುವವರಿದ್ದಾರೆ.

ವಾಸ್ತವ: ಇಂಡಿ ನಿಂಬೆಯ ಸೀಮೆ. ಅಲ್ಲಿನ ಒಂದು ಸಮಾರಂಭದಲ್ಲಿ ಜನರೇಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೆವು. ಆದರೂ ಸತ್ಕಾರದ ನಡುವೆ ಮೈಕು ಸುಮ್ಮನಾಯಿತು. ಬಗ್ಗಿ ನೋಡಿದರೆ ಕುರ್ಚಿಯ ಕಾಲು ವೈರಿನ ಮೇಲೆ ಕೂತಿತ್ತು. ಪಿನ್ನಿನ ಬುಡದಲ್ಲಿ ತಂತಿ ಕಿತ್ತು ಬಂದಿತ್ತು. ಭಯವಿದ್ದವರು ನಿಂಬೆಹಣ್ಣು ಕಟ್ಟಲಿ, ನಮ್ಮ ತಕರಾರಿಲ್ಲ. ಆದರೆ ವೈರನ್ನು ನೆಲಕ್ಕೆ ಟೇಪು ಹಚ್ಚಿ ಕೂರಿಸಬೇಕು, ಫೋಕಸ್ ದೀಪಗಳಿಗೂ ಮೈಕಿಗೂ ಬೇರೆ ಬೇರೆ ಲೈನ್ ಎಳೆಯಬೇಕು, ಮೈಕಿನ ಪಕ್ಕದಲ್ಲೇ ಇನ್ನೊಂದು ಮೈಕು ಸಿದ್ಧವಿರಬೇಕು.

ಕೊನೆಯದು, ಮಾತಾಡುತ್ತಿರುವ ದೊಡ್ಡವರಿಗೆ ಸಮಯದ ಚೀಟಿ ಕೊಟ್ಟರೆ ಅವಮಾನ ಎಂಬುದು.

ವಾಸ್ತವ: ಮೊದಲೇ ತಿಳಿಸದೆ ಕೊಟ್ಟರೆ ಅವಮಾನ. ಚಹಾ ಕುಡಿಯುವಾಗಲೇ, ಸರ್, ನಿಮಗೆ ನಲವತ್ತು ನಿಮಿಷ, ಐದು ನಿಮಿಷ ಉಳಿದಾಗ ಮೊದಲ ಸಾಲಿನಿಂದ ಕೈ ಎತ್ತುತ್ತೇವೆ ಎಂದು ಹೇಳಿ ನೋಡಿ. ಹಾಗೆ ಹೇಳಿದ್ದಕ್ಕೆ ಇದುವರೆಗೆ ನಮ್ಮ ಮೇಲೆ ಯಾರೂ ಸಿಟ್ಟಾಗಿಲ್ಲ.